ಗೋಣಿಚೀಲದ ಮುಂದೆ ಅರ್ಧ ಗಂಟೆ ನಿಂತೆ, ಪಕ್ಕದ ರೂಮಿನಲ್ಲಿ ಎರಡು ನಿಮಿಷ ನಿಲ್ಲಲಾಗಲಿಲ್ಲ. ಇವನ್ನೆಲ್ಲ ಹೇಗೆ ನೋಡಬೇಕು?

ಸಂತೆಪೇಟೆಯವಳು, ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹಾಸನದಲ್ಲೇ ಹುಟ್ಟಿ ಬೆಳೆದವಳು ನಾನು. ಇಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ. ಚಿತ್ರಕಲೆ ಅಂದರೆ ನನಗೆ ಗೊತ್ತಿದ್ದದ್ದು ಸ್ಕೂಲಿನ ಡ್ರಾಯಿಂಗ್ ಪೀರಿಯಡ್ಡು, ಮನೆಯ ಕ್ಯಾಲೆಂಡರು, ಆಮೇಲೆ ಬೇಲೂರು ಹಳೇಬೀಡು, ಅಷ್ಟೇ. ಈ ವರ್ಷ ಮಗಳನ್ನು ಬೆಂಗಳೂರಿನಲ್ಲಿ ಪಿಯುಸಿಗೆ ಸೇರಿಸಿದೆವು. ತಿಂಗಳಿಗೊಮ್ಮೆ ಅವಳನ್ನು ನೋಡಲು ಬೆಳಗಿನ ಇಂಟರ್‌ಸಿಟಿ ರೈಲಿಗೆ ಹೋಗುತ್ತೇನೆ. ಹಾಸ್ಟೆಲ್‌ನಲ್ಲಿ ಮಧ್ಯಾಹ್ನದ ಮೇಲೆ ಮಾತ್ರ ಹೊರಗೆ ಬಿಡುತ್ತಾರೆ. ಆ ಮೂರು ನಾಲ್ಕು ಗಂಟೆ ಎಲ್ಲಿ ಕಳೆಯುವುದು? ಒಂದು ಸಲ ಪ್ಯಾಲೇಸ್ ರಸ್ತೆಯಲ್ಲಿರುವ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ಗೆ ಹೋದೆ. ಮಾಣಿಕ್ಯವೇಲು ಮ್ಯಾನ್ಷನ್ ಅಂತ ಹಳೇ ಬಂಗಲೆ, ಸುತ್ತ ದೊಡ್ಡ ದೊಡ್ಡ ಮರಗಳು, 20 ರೂಪಾಯಿ ಟಿಕೆಟ್. ನೆರಳಿರುತ್ತದೆ, ಕೂರಲು ಜಾಗ ಇರುತ್ತದೆ ಅಂತ ಹೋದದ್ದು, ಚಿತ್ರ ನೋಡಬೇಕು ಅಂತ ಅಲ್ಲ.

ಹಳೆಯ ಚಿತ್ರಗಳೆಲ್ಲ ಚೆನ್ನಾಗಿದ್ದವು. ಮುಖ ಮುಖದ ಹಾಗೆ ಇತ್ತು, ಸೀರೆ ಸೀರೆಯ ಹಾಗೆ ಇತ್ತು. ಮುಂದೆ ಹೋದ ಹಾಗೆ ಮುಖಗಳು ಹೋಗಿಬಿಟ್ಟವು. ಬರೀ ಬಣ್ಣ, ಬರೀ ಗೆರೆ. ಒಂದು ಕಡೆ ದೊಡ್ಡ ಕಪ್ಪು ಚುಕ್ಕಿ, ಅದರ ಸುತ್ತ ಏನೂ ಇಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ಅದರ ಮುಂದೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಅವನಿಗೆ ಕಾಣುತ್ತಿರುವುದು ನನಗೆ ಯಾಕೆ ಕಾಣುತ್ತಿಲ್ಲ ಅಂತ ಮನಸ್ಸಿಗೆ ತುಂಬಾ ಚುಚ್ಚಿತು.

ಆದರೂ ಮುಂದಿನ ತಿಂಗಳು ಮತ್ತೆ ಹೋದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿ ನೋಡಿದೆ, ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ನೋಡಿದೆ. ಮೂರನೇ ಸಲ ಒಂದು ಸಣ್ಣ ಖಾಸಗಿ ಗ್ಯಾಲರಿಗೆ ಹೋದೆ. ಈಗ ಬರೆಯುತ್ತಿರುವುದು ಅದರ ಬಗ್ಗೆ.

ಒಂದು ರೂಮಿನ ಮೂರು ಗೋಡೆಗೂ ಹಳೇ ಗೋಣಿಚೀಲ ಹೊಲಿದು ಹೊಲಿದು ಇಳಿಬಿಟ್ಟಿದ್ದರು. ಮೇಲಿನಿಂದ ನೆಲದವರೆಗೆ. ಒಂದೊಂದು ಚೀಲದ ಮೇಲೂ ಮಸಿಯ ಅಕ್ಷರ ಅರ್ಧ ಅಳಿಸಿಹೋಗಿತ್ತು. ಒಳಗೆ ಕಾಲಿಡುತ್ತಿದ್ದ ಹಾಗೆ ಮೂಗಿಗೆ ಆ ವಾಸನೆ ಬಡಿಯಿತು. ನಮ್ಮಮ್ಮ ಇಪ್ಪತ್ತೆರಡು ವರ್ಷ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸ ಮಾಡಿದವರು. ಸಂಜೆ ಮನೆಗೆ ಬಂದರೆ ಅವರ ಸೆರಗಿನಲ್ಲಿ ಇದೇ ವಾಸನೆ ಇರುತ್ತಿತ್ತು, ಸೆಣಬು, ಧೂಳು, ಹಸಿ ಕಾಫಿ ಬೀಜ ಎಲ್ಲ ಕಲೆತದ್ದು. ನಾನು ಅಲ್ಲಿ ನಿಂತೇ ಬಿಟ್ಟೆ. ಅರ್ಧ ಗಂಟೆ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಕಣ್ಣಲ್ಲಿ ನೀರೂ ಬಂತು.

ಪಕ್ಕದ ರೂಮಿನಲ್ಲಿ ಒಂದು ಟಿವಿ. ಅದರಲ್ಲಿ ಒಬ್ಬ ಹೆಂಗಸು ಕೈ ತೊಳೆಯುತ್ತಲೇ ಇದ್ದಾಳೆ. ತೊಳೆಯುತ್ತಾಳೆ, ಒರೆಸುತ್ತಾಳೆ, ಮತ್ತೆ ತೊಳೆಯುತ್ತಾಳೆ. ಎರಡು ನಿಮಿಷಕ್ಕೆ ಹೊರಗೆ ಬಂದೆ.

ಹೊರಗಿನ ಗೋಡೆಯ ಮೇಲೆ ವಿವರಣೆ ಇತ್ತು, ಪೂರ್ತಿ ಇಂಗ್ಲಿಷ್. ನನಗೆ ಇಂಗ್ಲಿಷ್ ಬರುತ್ತದೆ, ದಿನಾ ಆಫೀಸಿನಲ್ಲಿ ಅದರಲ್ಲೇ ಪತ್ರ ಬರೆಯುತ್ತೇನೆ. ಆದರೆ ಅಲ್ಲಿ ಬರೆದದ್ದು ಮೂರು ಸಲ ಓದಿದರೂ ಹಿಡಿತಕ್ಕೆ ಸಿಗಲಿಲ್ಲ. ಅದರಲ್ಲಿ ಕಾಫಿ ಇಲ್ಲ, ವಾಸನೆ ಇಲ್ಲ, ಬೀಜ ಆರಿಸುವ ಹೆಂಗಸರಿಲ್ಲ. ಹಾಗಾದರೆ ನನಗೆ ಅನ್ನಿಸಿದ್ದು ತಪ್ಪಾ? ಅಷ್ಟರಲ್ಲಿ ಮೇಜಿನ ಹತ್ತಿರ ಕೂತಿದ್ದವರು ಬಂದು "ಏನಾದರೂ ತೆಗೆದುಕೊಳ್ಳಲು ಬಂದಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. ಸರಿ ಅಂತ ಹೋದರು. ಜೋರಾಗಿಯೇನೂ ಮಾತಾಡಲಿಲ್ಲ, ಆದರೂ ಅಲ್ಲಿ ನಿಲ್ಲಲು ಆಗಲಿಲ್ಲ ನನಗೆ.

ಮನೆಗೆ ಬಂದು ಹೇಳಿದರೆ ನಮ್ಮ ಭಾವ ಆ ಬಾಳೆಹಣ್ಣಿನ ಫೋಟೋ ಕಳಿಸಿದರು, ಗೋಡೆಗೆ ಟೇಪ್ ಹಚ್ಚಿ ಅಂಟಿಸಿದ್ದು ಕೋಟಿಗಟ್ಟಲೆಗೆ ಹೋಯಿತಲ್ಲ, ಅದು. "ನಿನ್ನ ಗೋಣಿಚೀಲವೂ ಇದೇ" ಅಂದರು. ನನಗೆ ಉತ್ತರ ಕೊಡಲು ಬರಲಿಲ್ಲ.

ಹಾಸನದಲ್ಲಿ ಇದರ ಬಗ್ಗೆ ಮಾತಾಡಲು ನನಗೆ ಯಾರೂ ಸಿಕ್ಕಿಲ್ಲ. ಗೊತ್ತಿರುವವರು ಹೇಳಿ: ಇವನ್ನೆಲ್ಲ ನೋಡುವುದಕ್ಕೆ ಒಂದು ರೀತಿ ಅಂತ ಇದೆಯಾ? ಓದಿಕೊಂಡು ಹೋಗಬೇಕಾ, ಸುಮ್ನೆ ಹೋಗಬೇಕಾ? ಅರ್ಥವಾಗದೆ ಇದ್ದರೆ ಅದು ನನ್ನ ಕೊರತೆಯಾ?

---

ಡ್ರಾಯಿಂಗ್ ಮೇಷ್ಟ್ರು, ಬೇಲೂರು

ನೋಡಮ್ಮ, ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟವನು ನಾನು. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕೊರತೆ ನಿಮ್ಮದಲ್ಲ. ಅರ್ಧ ಗಂಟೆ ಒಂದೇ ಕೆಲಸದ ಮುಂದೆ ನಿಂತಿರಲ್ಲ, ಅಷ್ಟು ಹೊತ್ತು ನಿಲ್ಲುವವರನ್ನು ನಾನು ಗ್ಯಾಲರಿಗಳಲ್ಲಿ ಕಂಡದ್ದು ಬಹಳ ಕಡಿಮೆ.

ಬೇಲೂರು ನೋಡಿದ್ದೀರಿ ಅಂದಿರಿ. ಅಲ್ಲಿಂದಲೇ ಶುರು ಮಾಡೋಣ. ಮೊದಲ ಸಲ ಚೆನ್ನಕೇಶವನ ಗುಡಿಗೆ ಬಂದಾಗ ದರ್ಪಣ ಸುಂದರಿಯನ್ನು ನೀವಾಗಿಯೇ ಕಂಡುಹಿಡಿದಿರಾ? ಇಲ್ಲ. ಗೈಡೋ, ಅಪ್ಪನೋ, ಜೊತೆಗೆ ಬಂದ ಟೀಚರೋ ಬೆರಳು ಮಾಡಿ "ಅಗೋ ನೋಡು, ಕನ್ನಡಿ ಹಿಡಿದಿದ್ದಾಳೆ" ಅಂದರು. ಆಮೇಲೆ ಕಂಡಳು. ಆ ಕಲೆಗೆ ಬೆರಳು ತೋರಿಸುವವರು ನಮ್ಮ ಊರು ತುಂಬಾ ಇದ್ದಾರೆ. ಈಗಿನ ಕಲೆಗೆ ನಮ್ಮ ಕಡೆ ಹಾಗೆ ತೋರಿಸುವವರು ಇಲ್ಲ. ಬೆಂಗಳೂರಿನ ಆ ಹುಡುಗನಿಗೆ ಕಾಲೇಜಿನಲ್ಲಿ ಯಾರೋ ತೋರಿಸಿರುತ್ತಾರೆ. ನಿಮಗೂ ಅವನಿಗೂ ಇರುವ ವ್ಯತ್ಯಾಸ ಇಷ್ಟೇ.

ಇನ್ನೊಂದು ವಿಷಯ. ಗುಡಿಯ ಹೊರಗೆ ದರ್ಪಣ ಸುಂದರಿಯಂಥ ಮದನಿಕೆಯರು 38 ಇದ್ದಾರೆ, ಎಲ್ಲರೂ ಸೂರಿನ ಕೆಳಗೆ ಮುಂದಕ್ಕೆ ಬಾಗಿದ್ದಾರೆ. ಕೆಳಗೆ ನಿಂತು ಕತ್ತೆತ್ತಿದರೆ ಮಾತ್ರ ಅವರು ನಮ್ಮನ್ನು ನೋಡಿದ ಹಾಗೆ ಇರುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು, ನೋಡುವವರು ಎಲ್ಲಿ ನಿಲ್ಲುತ್ತಾರೆ ಅಂತ ಶಿಲ್ಪಿ ಆಗಲೇ ಲೆಕ್ಕ ಹಾಕಿದ್ದಾನೆ. ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ ಮೇಲೆ ಸುತ್ತು ಬರದಿದ್ದರೆ ಆ ಗುಡಿ ನಮಗೆ ಸಿಗುವುದೇ ಇಲ್ಲ, ಅಲ್ವಾ? ಈಗ ಇನ್‌ಸ್ಟಲೇಷನ್ ಅಂತ ಕರೆಯುತ್ತಾರಲ್ಲ, ನಿಮ್ಮ ಗೋಣಿಚೀಲದ ರೂಮಿನಂಥದ್ದು, ಅದನ್ನೂ ಹಾಗೇ ನೋಡಬೇಕು. ಬಾಗಿಲಲ್ಲಿ ನಿಂತು ನೋಡಿ ಬರುವ ವಸ್ತು ಅದಲ್ಲ. ಒಳಗೆ ಹೋಗಬೇಕು, ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು, ಒಂದು ಸುತ್ತು ಹಾಕಬೇಕು. ಯಾರೂ ಹೇಳಿಕೊಡದೆ ನೀವು ಅದನ್ನು ಮಾಡಿದ್ದೀರಿ.

ಸಾಮಗ್ರಿ ಏನು ಅಂತ ಮೊದಲು ನೋಡಿ. ನಮ್ಮ ಗುಡಿಗಳು ಬಳಪದ ಕಲ್ಲಿನವು. ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಹಾಗಿದ್ದಕ್ಕೇ ಅಷ್ಟು ಸಣ್ಣ ಕುಸುರಿ ಸಾಧ್ಯವಾಯಿತು. ಗ್ರಾನೈಟ್ ಆಗಿದ್ದರೆ ಆ ಮದನಿಕೆಯ ಬಳೆ ಹಾಗೆ ಬರುತ್ತಿರಲಿಲ್ಲ. ಹಾಗೆಯೇ ಗ್ಯಾಲರಿಯಲ್ಲೂ "ಇದರ ಅರ್ಥವೇನು" ಅಂತ ಕೇಳುವ ಮೊದಲು "ಇದು ಯಾವುದರಿಂದ ಮಾಡಿದ್ದು, ಯಾಕೆ ಇದೇ ಬೇಕಾಯಿತು" ಅಂತ ಕೇಳಿ. ಅರ್ಧ ದಾರಿ ಅಲ್ಲೇ ಮುಗಿಯುತ್ತದೆ.

ಆ ಕಪ್ಪು ಚುಕ್ಕಿ. ನೀವು ನೋಡಿದ್ದು ಯಾರದ್ದು ಅಂತ ಲೇಬಲ್ ನೋಡಿದರೆ ತಿಳಿಯುತ್ತದೆ, ಆದರೆ ಚುಕ್ಕಿ ಅಂದ ತಕ್ಷಣ ನನಗೆ ಚಿತ್ರ ಕಲಾವಿದ ಎಸ್.ಎಚ್. ರಜಾ ನೆನಪಾದರು. 1922ರಲ್ಲಿ ಮಧ್ಯಪ್ರದೇಶದ ಕಾಡಿನ ನಡುವಿನ ಹಳ್ಳಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ. ಅವರ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು "ಇದನ್ನೇ ನೋಡ್ತಾ ಕೂತ್ಕೊ" ಅಂದರಂತೆ. ಆಮೇಲೆ ಅವರು ಫ್ರಾನ್ಸಿಗೆ ಹೋಗಿ ಸುಮಾರು ಅರವತ್ತು ವರ್ಷ ಅಲ್ಲೇ ಇದ್ದರು, ಏನೇನೋ ಬರೆದರು, ಕೊನೆಗೆ ಆ ಚುಕ್ಕಿಗೇ ವಾಪಸ್ ಬಂದರು. ಬಿಂದು ಅಂತ ಕರೆದರು. ನಾನೂ ಒಬ್ಬ ಮೇಷ್ಟ್ರು ನೋಡಿ, ಈ ಕತೆ ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ. ಹಳ್ಳಿಯ ಶಾಲೆಯ ಮೇಷ್ಟ್ರು ಇಟ್ಟ ಒಂದು ಚುಕ್ಕಿ ಪ್ಯಾರಿಸ್ಸಿನವರೆಗೆ ಹೋಗಿ ಬಂತು.

ಈ ಕತೆ ಗೊತ್ತಿಲ್ಲದೆಯೂ ಚುಕ್ಕಿಯನ್ನು ನೋಡಬಹುದು. ಹತ್ತು ನಿಮಿಷ ಅದರ ಮುಂದೆ ಕೂತು ನೋಡಿ. ಕಪ್ಪು ಒಂದೇ ಕಪ್ಪಲ್ಲ ಅಂತ ಕಾಣಲು ಶುರುವಾಗುತ್ತದೆ.

ಹಾಸನದಲ್ಲಿ ಯಾರೂ ಇಲ್ಲ ಅನ್ನಬೇಡಿ. ಕೆ.ಟಿ. ಶಿವಪ್ರಸಾದ್ ಅಂಥ ಕಲಾವಿದರು ನಮ್ಮ ಹಾಸನದವರೇ. ಚಿತ್ರ ಬರೆಯುವವರು ಇದ್ದಾರೆ, ತಂದು ತೂಗುಹಾಕಲು ಒಂದು ಒಳ್ಳೆಯ ಗೋಡೆ ಇಲ್ಲ. ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕ, ಸಂಗೀತ, ಸಭೆ ನಡೆಯುತ್ತದೆ. ಚಿತ್ರಕ್ಕೆ ಅಂತಲೇ ಬೆಳಕು, ಗೋಡೆ ಇರುವ ಒಂದು ರೂಮು ಈ ಊರಿಗೆ ಬೇಕು ಅಂತ ನಾನು ಸರ್ವಿಸ್‌ನಲ್ಲಿ ಇದ್ದಾಗಿನಿಂದ ಕೇಳುತ್ತಿದ್ದೇನೆ. ಈಗಲೂ ಕೇಳುತ್ತೇನೆ.

---

ತರೀಕೆರೆ ತಿರುವು

ಅಕ್ಕಾ, ನಿಮ್ಮ ಗೋಣಿಚೀಲದ ವಿಷಯ ಓದಿ ಮೈ ಜುಮ್ ಅಂತು. ನಾನು ಚಿಕ್ಕಮಗಳೂರಿನಲ್ಲಿ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ದಿನಾ ಚೀಲ ಎಣಿಸುವ ಕೆಲಸ ನನ್ನದು, ಒಂದು ದಿನವೂ ಅದನ್ನು ನೋಡುವ ವಸ್ತು ಅಂದುಕೊಂಡಿರಲಿಲ್ಲ.

ನಿಮ್ಮ ಭಾವನವರಿಗೆ ಇದನ್ನು ಹೇಳಿ. ಘಾನಾ ದೇಶದಲ್ಲಿ ಇಬ್ರಾಹಿಂ ಮಹಾಮ ಅಂತ ಕಲಾವಿದರು ಇದ್ದಾರೆ. ಅವರು ಹಳೇ ಸೆಣಬಿನ ಚೀಲಗಳನ್ನೇ ಹೊಲಿದು ಕಟ್ಟಡಗಳಿಗೆ ಹೊದಿಸುತ್ತಾರೆ. ಅಲ್ಲಿ ಕೋಕೋ ಬೀಜ ತುಂಬುವ ಚೀಲ, ನಮ್ಮ ಕಡೆ ಕಾಫಿಗೆ ಇದ್ದ ಹಾಗೆ. ಕೋಕೋ ತುಂಬಿ ಆದ ಮೇಲೆ ದವಸ, ಆಮೇಲೆ ಇದ್ದಿಲು, ಹೀಗೆ ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾದ ಚೀಲ. 2017ರಲ್ಲಿ ಜರ್ಮನಿಯ ಕಾಸೆಲ್ ಊರಿನಲ್ಲಿ, ಐದು ವರ್ಷಕ್ಕೊಮ್ಮೆ ನಡೆಯುವ ಡಾಕ್ಯುಮೆಂಟಾ ಪ್ರದರ್ಶನದಲ್ಲಿ, ಎರಡು ಹಳೇ ಕಲ್ಲು ಕಟ್ಟಡಗಳನ್ನು ಪೂರ್ತಿ ಹಾಗೆ ಮುಚ್ಚಿದ್ದರು. ಕೋಕೋ ಹೊತ್ತವರ ಬೆವರನ್ನೆಲ್ಲ ಚಾಕೊಲೇಟ್ ತಿನ್ನುವವರ ಊರಿನ ಮಧ್ಯಕ್ಕೆ ತಂದು ನಿಲ್ಲಿಸಿದ ಹಾಗೆ ಅಂತ ನನಗೆ ಅನ್ನಿಸಿತು. ಹಾಗಾಗಿ ಕಾಫಿ ನೆನಪಾದದ್ದು ತಪ್ಪು ಅಂತ ನಿಮಗೆ ಯಾರು ಹೇಳುತ್ತಾರೆ? ಚೀಲ ಏನನ್ನು ಹೊತ್ತಿತ್ತೋ ಅದನ್ನೇ ನೀವು ನೋಡಿದ್ದೀರಿ.

ಮೇಷ್ಟ್ರು ಸಾಮಗ್ರಿಯ ವಿಷಯ ಹೇಳಿದರಲ್ಲ, ಅದಕ್ಕೆ ನಮ್ಮ ಕಡೆಯವರದ್ದೇ ಉದಾಹರಣೆ ಇದೆ. ತರೀಕೆರೆ ದಾಟಿದರೆ ಭದ್ರಾವತಿ. ಅಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಇವತ್ತು ಪ್ರಪಂಚದ ದೊಡ್ಡ ಮ್ಯೂಸಿಯಂಗಳಲ್ಲಿ ಹೆಸರಿರುವ ಕಲಾವಿದೆ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್, ಎಲ್ಲ ಕಡೆ ಓದಿ ಪೇಂಟಿಂಗ್ ಮಾಡುತ್ತಿದ್ದವರು 1990ರ ದಶಕದ ಶುರುವಿನಲ್ಲಿ ಸಗಣಿ ಕೈಗೆತ್ತಿಕೊಂಡರು. ಹೌದು, ನಾವು ಅಂಗಳ ಸಾರಿಸುವ ಸಗಣಿಯೇ. ಆಮೇಲೆ ಸೂಜಿ, ದಾರ, ಕುಂಕುಮ. ಸೂಜಿಗೆ ದಾರ ಪೋಣಿಸಿ, ಕುಂಕುಮ ಗೋಂದು ಹಚ್ಚಿ, ಹಗ್ಗದ ಹಾಗೆ ಮಾಡಿ ರೂಮಿನ ತುಂಬ ಬಿಟ್ಟಿದ್ದಾರೆ, ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಹೂವಿನ ದಂಡೆಯ ಹಾಗೂ ಕಾಣುತ್ತದೆ, ಕರುಳಿನ ಹಾಗೂ ಕಾಣುತ್ತದೆ.

ಇನ್ನೊಂದು ಕೆಲಸ 2009ರದ್ದು. ಲಾರಿ, ಕಾರಿನ ಬಂಪರಿಗೆ ದೃಷ್ಟಿಯಾಗಬಾರದು ಅಂತ ಕರೀ ಕೂದಲ ಹಗ್ಗ ಕಟ್ಟುತ್ತಾರಲ್ಲ, ಬೆಂಗಳೂರು-ಮಂಗಳೂರು ರಸ್ತೆಯಲ್ಲಿ ನಿಂತರೆ ದಿನಕ್ಕೆ ನೂರು ನೋಡಬಹುದು. ಆ ಹಗ್ಗ ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಜೊತೆಗೆ ಇಪ್ಪತ್ತು ಸ್ಟೀಲ್ ಬಂಪರು. ಕೂದಲ ರಾಶಿಯೇ ಆ ಬಂಪರುಗಳನ್ನು ಎತ್ತಿ ಹಿಡಿದ ಹಾಗೆ ನೇತು ಹಾಕಿದ್ದಾರೆ. ವೆನಿಸ್‌ನಲ್ಲಿ ತೋರಿಸಿದ್ದು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಗುಡಿಗಳಲ್ಲಿ ಮುಡಿ ಕೊಟ್ಟ ಕೂದಲು ಅದು. ಉದ್ದನೆಯದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ಉಳಿದ ತುಂಡು ಕೂದಲು ಹಗ್ಗವಾಗುತ್ತದೆ. ಲಂಡನ್ನಿನವರಿಗೆ ಆ ಹಗ್ಗ ಏನು ಅಂತ ಗೋಡೆಯ ಮೇಲೆ ಬರೆದು ಹೇಳಬೇಕು. ನಿಮಗೂ ನನಗೂ ಯಾರೂ ಹೇಳಬೇಕಾಗಿಲ್ಲ. ಹರಕೆ ಹೊತ್ತು ತಲೆ ಬೋಳಿಸಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಹಾಗಾಗಿ ಇದೆಲ್ಲ ಓದಿದವರ, ದೊಡ್ಡ ಊರಿನವರ ವಸ್ತು ಅಂತ ದಯವಿಟ್ಟು ಹಿಂದೆ ಸರಿಯಬೇಡಿ.

ನನ್ನದೊಂದು ಅನುಭವ ಹೇಳಿ ಮುಗಿಸುತ್ತೇನೆ. 2019ರ ಫೆಬ್ರವರಿಯಲ್ಲಿ, ಕುಯ್ಲು ಮುಗಿದ ಮೇಲೆ, ಫ್ರೆಂಡ್ ಒಬ್ಬನ ಬಲವಂತಕ್ಕೆ ಮಂಗಳೂರಿಗೆ ಇಳಿದು ರೈಲು ಹಿಡಿದು ಕೊಚ್ಚಿ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಹಳೇ ಗೋದಾಮುಗಳಲ್ಲಿ ನಡೆಯುತ್ತದೆ ಅದು, 2012ರ ಡಿಸೆಂಬರ್ 12ಕ್ಕೆ ಶುರುವಾದದ್ದು. ಆಸ್ಪಿನ್‌ವಾಲ್ ಹೌಸ್‌ನಲ್ಲಿ ಶಿಲ್ಪಾ ಗುಪ್ತಾ ಅವರ ಕೆಲಸ ಇತ್ತು. ಕತ್ತಲೆ ರೂಮು, ಮೇಲಿನಿಂದ ನೂರು ಮೈಕು ಇಳಿಬಿಟ್ಟಿದ್ದಾರೆ, ಪ್ರತಿ ಮೈಕಿನ ಕೆಳಗೆ ಒಂದು ಚೂಪು ಕಬ್ಬಿಣದ ಸರಳು, ಅದಕ್ಕೆ ಒಂದು ಕಾಗದ ಚುಚ್ಚಿದೆ. ಬರೆದದ್ದಕ್ಕೆ ಜೈಲು ಸೇರಿದ ನೂರು ಕವಿಗಳ ಸಾಲುಗಳು. ಮೈಕಿನೊಳಗಿಂದಲೇ ದನಿ ಬರುತ್ತದೆ. ಒಂದು ಕಡೆ ಒಬ್ಬರು ಓದುತ್ತಾರೆ, ಉಳಿದ ಕಡೆಯಿಂದ ಗುಂಪು ಅದನ್ನೇ ಹೇಳುತ್ತದೆ. ಎಷ್ಟೋ ಸಾಲು ಯಾವ ಭಾಷೆ ಅಂತಲೂ ನನಗೆ ಗೊತ್ತಾಗಲಿಲ್ಲ. ಆದರೂ ಕಾಲು ಎತ್ತಲು ಆಗಲಿಲ್ಲ. ಅರ್ಥ ಆಗುವುದಕ್ಕೆ ಮೊದಲೇ ಏನೋ ಆಗುತ್ತದೆ ಅಕ್ಕಾ, ನಿಮಗೆ ಆ ಚೀಲದ ಮುಂದೆ ಆದ ಹಾಗೆ.

ಒಂದು ಮಾತು. ನಿಮ್ಮ ಅಮ್ಮನಿಗೆ ಕೆಲಸಕ್ಕೆ ಸೇರಿದ ಮೊದಲ ದಿನ ಬೀಜ ಹೇಗೆ ಕಾಣುತ್ತಿತ್ತು ಅಂತ ಕೇಳಿ ನೋಡಿ.

---

ಸಕಲೇಶಪುರದ ಮಳೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ.

ಹತ್ತು ವರ್ಷದಿಂದ ಪ್ರದರ್ಶನಗಳಿಗೆ ಹೋಗುತ್ತಿದ್ದೇನೆ. ನೋಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನನಗೆ ಏನೂ ಅನ್ನಿಸಿಲ್ಲ. ಮೊದಲೆಲ್ಲ "ನನಗೆ ಗೊತ್ತಾಗಲಿಲ್ಲ" ಅಂತ ತಲೆ ತಗ್ಗಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಹೊಸದಾಗಿ ಬರೆದ ಕವಿತೆಗಳಲ್ಲಿ ಎಲ್ಲವೂ ಚೆನ್ನಾಗಿರುತ್ತದಾ? ಇದೂ ಅಷ್ಟೇ. ಹಳೆಯ ಕಲೆಯಲ್ಲಿ ಕೆಟ್ಟದ್ದನ್ನು ಕಾಲ ಸೋಸಿ ಎಸೆದಿದೆ, ಇವತ್ತಿನದ್ದನ್ನು ಇನ್ನೂ ಯಾರೂ ಸೋಸಿಲ್ಲ. ನೀವೇ ಸೋಸಬೇಕು. ಆ ಕೈ ತೊಳೆಯುವ ವಿಡಿಯೋ ಚೆನ್ನಾಗಿಲ್ಲದೆ ಇದ್ದಿರಬಹುದು, ನಿಮಗೆ ಅದರಲ್ಲಿ ಏನೂ ಸಿಗದೆ ಇದ್ದರೆ ಸಿಗಲಿಲ್ಲ ಅನ್ನಿ. ಆದರೆ ಯಾಕೆ ಸಿಗಲಿಲ್ಲ ಅಂತ ಎರಡು ಸಾಲು ಬರೆದಿಡಿ. ನಾನು ಹಾಗೆ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ "ಬರೀ ಖಾಲಿ" ಅಂತ ಬರೆದ ಒಂದು ಕೆಲಸ ಈಗಲೂ ಕನಸಿನಲ್ಲಿ ಬರುತ್ತದೆ. "ಅದ್ಭುತ" ಅಂತ ಬರೆದ ಎಷ್ಟೋ ಕೆಲಸ ಯಾವುದು ಅಂತಲೇ ನೆನಪಿಲ್ಲ.

ಬಾಳೆಹಣ್ಣಿನ ವಿಷಯ. ಅದು ಮಾರಿಜಿಯೊ ಕಟೆಲಾನ್ ಎಂಬ ಇಟಲಿಯ ಕಲಾವಿದನದ್ದು, 2019ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮೊದಲು ಇಟ್ಟದ್ದು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರಿಗೆ ಸಿಗುವುದು ಒಂದು ಪ್ರಮಾಣಪತ್ರ, ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಹಣ್ಣು ಕೊಳೆತರೆ ಹೊಸದು ತಂದು ಅಂಟಿಸಬಹುದು. ಇಲ್ಲಿಯವರೆಗೆ ನನಗೂ ಅದೊಂದು ಯೋಚನೆ ಮಾಡುವ ವಿಷಯ ಅಂತಲೇ ಇತ್ತು. ಆಮೇಲೆ ಆ ಹಣ್ಣು ಮಾರಿದವರ ಬಗ್ಗೆ ಪತ್ರಿಕೆಯಲ್ಲಿ ಬಂತು. ಬಾಂಗ್ಲಾದೇಶದಿಂದ ಹೋದ 74 ವರ್ಷದ ಮುದುಕರು, ಹರಾಜು ಸಂಸ್ಥೆಯ ಕಟ್ಟಡದ ಹೊರಗೆ ಹಣ್ಣಿನ ಗಾಡಿಯಲ್ಲಿ ದುಡಿಯುವವರು. 35 ಸೆಂಟಿಗೆ ಕೊಟ್ಟಿದ್ದರು. ಅದು ಎಷ್ಟಕ್ಕೆ ಹೋಯಿತು ಅಂತ ವರದಿಗಾರರು ಹೇಳಿದಾಗ ಅತ್ತುಬಿಟ್ಟರಂತೆ. ನನಗೆ ಆ ಅಳುವಿನ ಮುಂದೆ ಆ ಕಲಾಕೃತಿ ನಿಲ್ಲುವುದಿಲ್ಲ. ಬೇರೆಯವರಿಗೆ ಆ ಅಳುವೂ ಸೇರಿ ಅದು ಪೂರ್ತಿಯಾಗಿದೆ ಅಂತ ಅನ್ನಿಸಬಹುದು, ಅವರ ಜೊತೆ ನಾನು ಜಗಳ ಆಡುವುದಿಲ್ಲ. ನಿಮ್ಮ ಭಾವನವರಿಗೆ ಇಷ್ಟು ಹೇಳಿ: ಹರಾಜಿನ ಬೆಲೆ ಬೇರೆ, ಕೆಲಸ ಬೇರೆ. ಸುದ್ದಿಯಾಗುವುದು ಬೆಲೆ ಮಾತ್ರ.

ಕೊನೆಗೆ ಆ ಗೋಡೆಯ ಮೇಲಿನ ಬರಹ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಕರ್ನಾಟಕದಲ್ಲೇ ಹುಟ್ಟಿದ ಕಲಾವಿದರ ಕೆಲಸಕ್ಕೂ ಎಷ್ಟೋ ಕಡೆ ಒಂದು ಸಾಲು ಕನ್ನಡ ಇರುವುದಿಲ್ಲ. ಇರುವ ಇಂಗ್ಲಿಷ್ ಸಹ ಯಾರಿಗೆ ಬರೆದದ್ದು ಅಂತ ಗೊತ್ತಾಗುವುದಿಲ್ಲ. ಹೋದ ಕಡೆಯೆಲ್ಲ ಅಭಿಪ್ರಾಯದ ಪುಸ್ತಕ ಕೇಳಿ ಪಡೆದು "ದಯವಿಟ್ಟು ಕನ್ನಡದಲ್ಲೂ ಬರೆಯಿರಿ, ನಾವೂ ಬರುತ್ತೇವೆ" ಅಂತ ಬರೆದು ಬರುತ್ತೇನೆ. ನೀವೂ ಬರೆಯಿರಿ. ಹತ್ತು ಜನ ಬರೆದರೆ ಯಾರಾದರೂ ಒಬ್ಬರು ಓದುತ್ತಾರೆ.

---

ಮೊಳೆ ಸುತ್ತಿಗೆ

ನಾನು ಹೊಳೆನರಸೀಪುರದವನು, ಬೆಂಗಳೂರಿನಲ್ಲಿ ಗ್ಯಾಲರಿಗಳಿಗೆ ಚಿತ್ರ ತೂಗುಹಾಕುವ, ಲೈಟ್ ಕೂರಿಸುವ ಕೆಲಸ. ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ.

ಖಾಸಗಿ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ ಮೇಡಂ. ಕೊಳ್ಳಬೇಕು ಅಂತಲೂ ಇಲ್ಲ. "ಸುಮ್ನೆ ನೋಡಲು ಬಂದೆ" ಅನ್ನಿ, ಸಾಕು. ನಿಮ್ಮನ್ನು ಹಾಗೆ ಕೇಳಿದ್ದು ಓದಿ ನನಗೂ ಬೇಜಾರಾಯಿತು. ನೋಡುವವರು ಬರಲಿ ಅಂತಲೇ ನಾವು ರಾತ್ರಿಯೆಲ್ಲ ಏಣಿಯ ಮೇಲೆ ನಿಂತು ಲೈಟ್ ಸರಿ ಮಾಡುವುದು. ಲೇಬಲ್ ಪಕ್ಕ ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ ಅಂತ. ಮಿಶ್ರ ಮಾಧ್ಯಮ ಅಂದರೆ ಒಂದಕ್ಕಿಂತ ಹೆಚ್ಚು ಸಾಮಗ್ರಿ ಸೇರಿಸಿ ಮಾಡಿದ್ದು ಅಂತ, ಬೇರೇನೂ ಗುಟ್ಟಿಲ್ಲ ಅದರಲ್ಲಿ. ವಿಡಿಯೋ ಇದ್ದರೆ ಲೇಬಲ್ಲಿನಲ್ಲಿ ಎಷ್ಟು ನಿಮಿಷ ಅಂತ ಬರೆದಿರುತ್ತಾರೆ, ಮೊದಲು ಅದನ್ನು ನೋಡಿ. ನೀವು ನಡುವಿನಲ್ಲಿ ಒಳಗೆ ಹೋಗಿರುತ್ತೀರಿ, ಕೊನೆಯಲ್ಲಿ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ. ಶುರುವಿನಿಂದ ಒಂದು ಸಲ ಪೂರ್ತಿ ನೋಡಿದರೆ ಬೇರೆ ಥರ ಇರುತ್ತದೆ.

ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರ ಇರುವ ಹಾಗೆ ನಾವು ತೂಗುಹಾಕುತ್ತೇವೆ, ಕಣ್ಣಿನ ಮಟ್ಟಕ್ಕೆ. ಅದಕ್ಕಿಂತ ತುಂಬಾ ಕೆಳಗೋ ಮೇಲೋ ಇದ್ದರೆ ಕಲಾವಿದರು ಬೇಕು ಅಂತಲೇ ಹೇಳಿ ಹಾಕಿಸಿದ್ದು ಅಂತ ತಿಳಿಯಿರಿ. ಬಗ್ಗಿ ನೋಡಿ, ಕುಕ್ಕರಗಾಲಲ್ಲಿ ಕೂತು ನೋಡಿ, ಯಾರೂ ಏನೂ ಅನ್ನುವುದಿಲ್ಲ. ಮುಟ್ಟಬೇಡಿ ಅಷ್ಟೇ.

ಗ್ಯಾಲರಿಯ ಗಾರ್ಡುಗಳನ್ನು ಮಾತಾಡಿಸಿ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡುತ್ತಾ ನಿಂತಿರುತ್ತಾರೆ. ನಾನು ಕಲಿತದ್ದು ಜಾಸ್ತಿ ಅವರಿಂದ.

ಮಾಡಿದವರನ್ನೇ ಕೇಳಬೇಕು ಅಂತಿದ್ದರೆ ಜನವರಿಯ ಚಿತ್ರಸಂತೆಗೆ ಬನ್ನಿ. ಚಿತ್ರಕಲಾ ಪರಿಷತ್ತಿನವರು 2003ರಿಂದ ನಡೆಸುತ್ತಿದ್ದಾರೆ, ಕುಮಾರಕೃಪಾ ರಸ್ತೆಯ ತುಂಬ ಕಲಾವಿದರೇ ಕೂತಿರುತ್ತಾರೆ. ಅಲ್ಲಿ ಇನ್‌ಸ್ಟಲೇಷನ್ ಥರದ್ದು ಕಡಿಮೆ, ಆದರೆ ಮಾತಾಡಿಸಲು ಸಂಕೋಚ ಆಗುವುದಿಲ್ಲ. ರೈಲು ಯಶವಂತಪುರಕ್ಕೆ ಬರುತ್ತದಲ್ಲ, ಅಲ್ಲೇ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಕಸ್ತೂರಬಾ ರಸ್ತೆ ನಡೆಯುವಷ್ಟು ದೂರ. ಸೋಮವಾರ ತುಂಬಾ ಕಡೆ ರಜೆ, ನೋಡಿಕೊಂಡು ಬನ್ನಿ.

---

ಬಾಣಾವರ

ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಕೇಳಲು ಧೈರ್ಯವಿಲ್ಲದೆ ಸುಮ್ಮನಿದ್ದವಳು. ಕೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಆ ಗ್ಯಾಲರಿ ಯಾವುದು, ಚೀಲದ ಪ್ರದರ್ಶನ ಇನ್ನೂ ಇದೆಯಾ?

---

ಸಂತೆಪೇಟೆಯವಳು, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರ ತಡವಾಯಿತು, ಯಾಕೆ ಅಂತ ಹೇಳುತ್ತೇನೆ.

ತರೀಕೆರೆಯವರು ಹೇಳಿದ ಹಾಗೆ ಅಮ್ಮನನ್ನು ಕೇಳಿದೆ. ಮೊದಲ ದಿನ ಬೀಜ ಹೆಂಗೆ ಕಾಣ್ತಿತ್ತಮ್ಮಾ ಅಂತ. "ಎಲ್ಲಾ ಒಂದೇ ಥರ ಕಾಣ್ತಿತ್ತು ಕಣೇ, ಯಾವ್ದು ತೆಗೀಬೇಕು ಯಾವ್ದು ಬಿಡಬೇಕು ಗೊತ್ತಾಗ್ದೆ ಅತ್ತಿದ್ದೆ" ಅಂದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಹೇಳಿಕೊಡಲಿಲ್ಲವಂತೆ, ತನ್ನ ಕೈ ನಿಧಾನ ಮಾಡಿ ತೋರಿಸಿದರಂತೆ, ಅಷ್ಟೇ. ತಿಂಗಳು ಕಳೆಯುವ ಹೊತ್ತಿಗೆ ಕಪ್ಪು ಬೀಜ, ಒಡೆದದ್ದು, ಗುಂಡಗಿನ ಪೀಬೆರಿ ಎಲ್ಲ ತಾವಾಗಿಯೇ ಎದ್ದು ಕಾಣಲು ಶುರುವಾಯಿತಂತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಇದನ್ನು ಒಂದು ಸಲವೂ ಕೇಳಿರಲಿಲ್ಲ.

ಹೋದ ಶನಿವಾರ ಅಮ್ಮನನ್ನು ಕರೆದುಕೊಂಡು ಹೋದೆ. ರೈಲಿನಲ್ಲಿ "ಗೋಣಿಚೀಲ ನೋಡೋಕೆ ಬೆಂಗ್ಳೂರಿಗಾ" ಅಂತ ಕೇಳುತ್ತಲೇ ಇದ್ದರು. ಮೇಜಿನ ಹತ್ತಿರ ಅದೇ ವ್ಯಕ್ತಿ ಇದ್ದರು. ಸುಮ್ನೆ ನೋಡಲು ಬಂದೆವು ಅಂದೆ, ನೋಡಿ ಅಂದರು. ಅಷ್ಟೇ ಆಗಿತ್ತು.

ಅಮ್ಮ ಒಳಗೆ ಹೋಗಿ ನನ್ನ ಹಾಗೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ. ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಮೂಗು ತಾಗುವಷ್ಟು ಹೋಗಿ ಎಡಗಡೆಯ ಮೂಲೆಯಿಂದ ಶುರು ಮಾಡಿದರು, ಒಂದೊಂದೇ ಹೊಲಿಗೆ ನೋಡುತ್ತಾ. ಮುಟ್ಟಬಾರದು ಅಂತ ಹೇಳಿದ್ದೆ, ಅದಕ್ಕೆ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದರು. ಮೂರು ಗೋಡೆ ಮುಗಿಸಲು ಮುಕ್ಕಾಲು ಗಂಟೆ ಆಯಿತು. ಆಮೇಲೆ ನನ್ನನ್ನು ಕರೆದು ತೋರಿಸಿದರು.

"ಇದ್ನ ಹೊಲ್ದೋರಿಗೆ ದಬ್ಬಣ ಹಿಡಿಯೋಕೆ ಬರ್ತಿರ್ಲಿಲ್ಲ. ನೋಡಿಲ್ಲಿ, ಈ ಮೂಲೇಲಿ ಹುರಿ ಎಳ್ದು ಎಳ್ದು ಚೀಲ ಸುಕ್ಕಾಗದೆ. ಅಲ್ಲಿ ನಡೂಕೆ ಬಾ, ಇಲ್ಲಿ ಸ್ವಲ್ಪ ವಾಸಿ. ಆ ಕೊನೇಲಿ ನೋಡು, ನಾವು ಹೊಲ್ದಂಗೇ ಅದೆ. ಅಲ್ಲಿಗ್ ಬರೋ ಹೊತ್ಗೆ ಕೈ ಕೂತದೆ."

ನಾನು ಅರ್ಧ ಗಂಟೆ ನಿಂತವಳು ಇದನ್ನು ನೋಡಿಯೇ ಇರಲಿಲ್ಲ. ಎಡದಿಂದ ಬಲಕ್ಕೆ ಮತ್ತೆ ನೋಡಿದೆ. ನಿಜ. ಅಲ್ಲಿದ್ದ ಗಾರ್ಡು ಅದನ್ನು ಕೇಳಿಸಿಕೊಂಡು ಅವರೂ ಬಂದು ನೋಡಿದರು. ಅಷ್ಟೂ ಚೀಲವನ್ನು ಕಲಾವಿದರು ಒಬ್ಬರೇ ಹೊಲಿದದ್ದಂತೆ, ನಾಲ್ಕು ತಿಂಗಳು ಹಿಡಿಯಿತಂತೆ. ಗಾರ್ಡೇ ಹೇಳಿದ್ದು. ಗೋಡೆಯ ಮೇಲಿನ ಇಂಗ್ಲಿಷ್‌ನಲ್ಲಿ ಇದು ಇರಲಿಲ್ಲ.

ಕೈ ತೊಳೆಯುವ ವಿಡಿಯೋ 11 ನಿಮಿಷದ್ದು. ಪೂರ್ತಿ ಕೂತು ನೋಡಿದೆವು. ನನಗೆ ಈಗಲೂ ಹಿಡಿಸಲಿಲ್ಲ. ಡೈರಿಯಲ್ಲಿ ಯಾಕೆ ಅಂತ ಬರೆದಿಟ್ಟಿದ್ದೇನೆ. ಅಭಿಪ್ರಾಯದ ಪುಸ್ತಕದಲ್ಲಿ ಕನ್ನಡದ ವಿಷಯ ಬರೆದೆ, ಅಮ್ಮ ಅದರ ಕೆಳಗೆ ಹೊಲಿಗೆಯ ವಿಷಯ ಬರೆದು ಸಹಿ ಹಾಕಿದರು.

ಬಾಣಾವರದವರೇ, ಗ್ಯಾಲರಿಯ ಹೆಸರು ನಿಮಗೆ ಮೆಸೇಜ್ ಮಾಡಿದ್ದೇನೆ. ಈ ತಿಂಗಳ ಕೊನೆಯ ಭಾನುವಾರದವರೆಗೆ ಇದೆ. ಹೋದರೆ ಎಡಗಡೆಯ ಮೂಲೆಯಿಂದ ಶುರು ಮಾಡಿ.